ಜೂನ್ 7ರ ಗೋಡೆಪತ್ರಿಕೆಗೆ ಡಾ. ವರ್ಜೀನಿಯಾ ಅಪ್ಗಾರ್: ಏನು ಬರೆಯೋಣ?

ಪ್ರಶ್ನೆ: ಗೋಡೆಪತ್ರಿಕೆ
ನಮ್ಮ ನರ್ಸಿಂಗ್ ಕಾಲೇಜಿನಲ್ಲಿ ಡಾ. ಅಪ್ಗಾರ್ (1909–1974) ಹುಟ್ಟುಹಬ್ಬಕ್ಕೆ ಒಂದು ಪುಟ ಹಾಕುತ್ತಿದ್ದೇವೆ. ಆಗತಾನೇ ಹುಟ್ಟಿದ ಮಗುವಿನ ಸ್ಥಿತಿಗೆ 1ನೇ ಮತ್ತು 5ನೇ ನಿಮಿಷದಲ್ಲಿ ಹಾಕುವ ಅಂಕವನ್ನು ಕೇಸ್ ಶೀಟಿನಲ್ಲಿ ದಿನಾ ‘ಅಪ್ಗಾರ್ 8, 9’ ಎಂದು ಬರೆಯುವ ವಿದ್ಯಾರ್ಥಿಗಳಲ್ಲಿ ಎಷ್ಟೋ ಜನಕ್ಕೆ ಅದು ಒಬ್ಬ ವೈದ್ಯೆಯ ಹೆಸರೆಂದೇ ಗೊತ್ತಿಲ್ಲ. ಪದವಿ, ಪ್ರಶಸ್ತಿಗಳ ಪಟ್ಟಿ ಬೇಡ. ಅಧ್ಯಾಪಕಿಯಾಗಿ ಅವರು ಮಾಡಿದ್ದೇನು? ಅಂಕ ಹಾಕುವಾಗ ವಿದ್ಯಾರ್ಥಿಗಳು ಎಡವುವುದೆಲ್ಲಿ?

ಅರಿವಳಿಕೆ ಮೇಜು
ಅರಿವಳಿಕೆಯಿಂದಲೇ ಶುರು ಮಾಡಿ. 1933ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದು ಮುಗಿಸಿ ಸರ್ಜರಿಗೆ ಇಳಿದ ಅಪ್ಗಾರ್ ಅವರನ್ನು ಅಲ್ಲಿನ ಮುಖ್ಯಸ್ಥರೇ ಅರಿವಳಿಕೆಯತ್ತ ತಿರುಗಿಸಿದರು. ಆಗ ಅದು ಬಹುಪಾಲು ನರ್ಸ್‌ಗಳ ಕೆಲಸ, ವೈದ್ಯರು ಅತ್ತ ಸುಳಿಯುತ್ತಿರಲಿಲ್ಲ. 1938ರಲ್ಲಿ ಅರಿವಳಿಕೆಯ ಹೊಣೆ ಹೊತ್ತು, ವೈದ್ಯರಿಗೆ ತರಬೇತಿ ಕೊಡುವ ವ್ಯವಸ್ಥೆ ಕಟ್ಟಿದ್ದು ಅವರು. 1949ರಲ್ಲಿ ಅದು ಸ್ವತಂತ್ರ ವಿಭಾಗವಾದಾಗ ಮುಖ್ಯಸ್ಥನ ಕುರ್ಚಿ ಸಿಕ್ಕಿದ್ದು ಒಬ್ಬ ಗಂಡಸಿಗೆ! ಅಪ್ಗಾರ್ ಅವರಿಗೆ ಪೂರ್ಣ ಪ್ರೊಫೆಸರ್ ಸ್ಥಾನ ಬಂತು. ಆ ವೈದ್ಯಕೀಯ ಕಾಲೇಜಿನಲ್ಲಿ ಮಹಿಳೆಗೆ ಅದೇ ಮೊದಲು. ಆಡಳಿತದ ಹೊಣೆ ಬಿಟ್ಟ ಮೇಲೆ ಹೆರಿಗೆ ಕೋಣೆಯ ಅರಿವಳಿಕೆಗೆ ಗಮನ ಕೊಟ್ಟರು. ಅಂಕಪದ್ಧತಿ ಹುಟ್ಟಿದ್ದು ಅಲ್ಲಿ: 1952ರಲ್ಲಿ ಮಂಡನೆ, 1953ರಲ್ಲಿ ಪ್ರಕಟಣೆ.

ನವಜಾತ ಘಟಕ
ಅಂಕ ಹಾಕಲು ನೋಡುವ ಲಕ್ಷಣ ಐದು: ಎದೆಬಡಿತ, ಉಸಿರು, ಸ್ನಾಯುಬಿಗಿ, ಕೆಣಕಿದರೆ ಪ್ರತಿಕ್ರಿಯೆ, ಬಣ್ಣ. ಒಂದೊಂದಕ್ಕೂ 0, 1 ಅಥವಾ 2, ಒಟ್ಟು 10ಕ್ಕೆ. ಎದೆಬಡಿತವೇ ಎಲ್ಲಕ್ಕಿಂತ ಮುಖ್ಯ: ಇಲ್ಲದಿದ್ದರೆ 0, ನಿಮಿಷಕ್ಕೆ 100ಕ್ಕಿಂತ ಕಡಿಮೆಯಾದರೆ 1, ಹೆಚ್ಚಾದರೆ 2. ಸ್ಟೆತಾಸ್ಕೋಪ್ ಇಟ್ಟು 6 ಸೆಕೆಂಡ್ ಎಣಿಸಿ 10ರಿಂದ ಗುಣಿಸಿ. ಅಂದಾಜು ಬೇಡ.

ಹೆಚ್ಚು ತಪ್ಪಾಗುವುದು ಬಣ್ಣದಲ್ಲಿ. ಮೈ ಕೆಂಪಗಿದ್ದು ಕೈಕಾಲು ನೀಲಿಯಾಗಿದ್ದರೆ 1. ಅದಕ್ಕೆ 0 ಹಾಕುವವರೂ ಇದ್ದಾರೆ, 2 ಹಾಕುವವರೂ ಇದ್ದಾರೆ. ನಮ್ಮ ಮಕ್ಕಳ ಮೈಬಣ್ಣದಲ್ಲಿ ನಾಲಿಗೆ, ತುಟಿಯ ಒಳಭಾಗ ನೋಡಬೇಕು. ಐದರಲ್ಲಿ ನೆಚ್ಚಿಕೊಳ್ಳಲಾಗದ ಲಕ್ಷಣ ಬಣ್ಣವೇ ಎಂದು ಅಪ್ಗಾರ್ ಅವರೇ ಬರೆದಿದ್ದರು. ಮೊದಲ ನಿಮಿಷದಲ್ಲಿ ಹೆಚ್ಚಿನ ಮಕ್ಕಳ ಕೈಕಾಲು ನೀಲಿಯೇ, ಹಾಗಾಗಿ ರಿಜಿಸ್ಟರ್ ತುಂಬ 10 ಕಂಡರೆ ಯಾರೂ ಮಗುವನ್ನು ನೋಡಿಲ್ಲ ಎಂದೇ ಅರ್ಥ.

ಅಂಕ ಹಾಕುವವರು ಹೆರಿಗೆ ಮಾಡಿಸಿದವರಾಗಿರಬಾರದು ಎಂಬುದೂ ಅವರದೇ ಮಾತು. ತನ್ನ ಕೈಯಲ್ಲಿ ಹುಟ್ಟಿದ ಕೂಸಿಗೆ ಯಾರ ಕೈಯಾದರೂ ಧಾರಾಳವಾಗುತ್ತದೆ.

ಗೋಡೆಪತ್ರಿಕೆ
1 ನಿಮಿಷದ ಅಂಕ ನೋಡಿಕೊಂಡು ಮಗುವಿಗೆ ಉಸಿರು ಕೊಡಬೇಕು ಎಂದು ಹಳೆಯ ನೋಟ್ಸಿನಲ್ಲಿದೆ. ಅದನ್ನೇ ಹಾಕೋಣವೇ?

ನವಜಾತ ಘಟಕ
ಖಂಡಿತ ಹಾಕಬೇಡಿ. ಮಗು ಉಸಿರಾಡುತ್ತಿಲ್ಲವೆಂದರೆ ಒರೆಸಿ, ಬೆಚ್ಚಗಿಟ್ಟು, ತಲೆಯ ಭಂಗಿ ಸರಿಮಾಡಿ, ಬೆನ್ನು ಸವರಿ. ಆಗಲೂ ಉಸಿರು ಬರದಿದ್ದರೆ ಮೊದಲ ನಿಮಿಷದೊಳಗೇ ಬ್ಯಾಗ್ ಮತ್ತು ಮಾಸ್ಕ್‌ನಿಂದ ಉಸಿರು ಕೊಡಿ. ಗಡಿಯಾರ ನೋಡುತ್ತ ಅಂಕಕ್ಕೆ ಕಾದರೆ ಆ ನಿಮಿಷ ಹೋಯಿತು. ಅಂಕ ದಾಖಲೆಗೆ. 5 ನಿಮಿಷಕ್ಕೂ 7ಕ್ಕಿಂತ ಕಡಿಮೆಯಿದ್ದರೆ 5 ನಿಮಿಷಕ್ಕೊಮ್ಮೆ, 20 ನಿಮಿಷದವರೆಗೆ ಬರೆಯಿರಿ. ಆ ಹೊತ್ತಿಗೆ ಆಕ್ಸಿಜನ್, ಬ್ಯಾಗ್ ಏನು ನಡೆಯುತ್ತಿತ್ತು ಎಂಬುದನ್ನೂ ಪಕ್ಕದಲ್ಲೇ ಬರೆಯಿರಿ. ದಿನ ತುಂಬದ ಮಗುವಿಗೆ ಸ್ನಾಯುಬಿಗಿ ಸಹಜವಾಗಿಯೇ ಕಡಿಮೆ. ಅಂಕ ಇಳಿದ ಮಾತ್ರಕ್ಕೆ ಉಸಿರುಗಟ್ಟಿತ್ತು ಎಂದು ಬರೆಯುವಂತಿಲ್ಲ.

ಅರಿವಳಿಕೆ ಮೇಜು
ಜಾಗ ಉಳಿದರೆ ಇದೂ ಇರಲಿ: ಹೆರಿಗೆಯಲ್ಲಿ ತಾಯಿಗೆ ಕೊಡುತ್ತಿದ್ದ ಸೈಕ್ಲೋಪ್ರೋಪೇನ್ ಅನಿಲ ಮಗುವನ್ನೂ ಮಂಕಾಗಿಸುತ್ತದೆ ಎಂದು ಅಪ್ಗಾರ್ ತಂಡ ಕಂಡುಕೊಂಡಿತು. ಅವರು ಮೆಚ್ಚಿ ಬಳಸುತ್ತಿದ್ದ ಅನಿಲವೇ ಅದು. ಹೆರಿಗೆಯಲ್ಲಿ ಅದನ್ನು ಬಿಟ್ಟುಬಿಟ್ಟರು.