‘ಅಂತಃಕರಣ’ ಮರುಕವಾದದ್ದು ಹೇಗೆ?

ಎಲ್ಲರಿಗೂ ನಮಸ್ಕಾರ.

ಮೊನ್ನೆ ಅಮ್ಮನಿಗೆ ವೇದಾಂತದ ಪುಸ್ತಕವೊಂದನ್ನು ಓದಿ ಹೇಳುತ್ತಿದ್ದೆ. ‘ಅಂತಃಕರಣವು ಜಡ’ ಎಂಬ ಮಾತು ಬಂತು. ಅಮ್ಮ ತಟ್ಟನೆ ತಡೆದು, “ಅಂತಃಕರಣವೇ ಜಡ ಆದರೆ ಮನುಷ್ಯ ಕಲ್ಲಾದ ಹಾಗಲ್ವೇನೋ?” ಎಂದರು. ನನಗೆ ಮುಂದೆ ಓದಲಾಗಲಿಲ್ಲ. ಅವರಿಗೆ ಅಂತಃಕರಣ ಎಂದರೆ ಮರುಕ, ಕಕ್ಕುಲಾತಿ. ‘ಅವನಿಗೆ ಅಂತಃಕರಣವೇ ಇಲ್ಲ’ ಎಂದು ನಾವೆಲ್ಲ ಆಡುವುದೂ ಆ ಅರ್ಥದಲ್ಲೇ.

ಸಂಸ್ಕೃತದಲ್ಲಿ ‘ಕರಣ’ ಎಂದರೆ ಸಾಧನ. ಕಣ್ಣು, ಕಿವಿ ಹೊರಗಿನವು; ಅಂತಃಕರಣ ಒಳಗಿನದು. ಸಾಂಖ್ಯ ಎಂಬ ಹಳೆಯ ದರ್ಶನದವರು ಅದನ್ನು ಬುದ್ಧಿ, ಅಹಂಕಾರ, ಮನಸ್ಸು ಎಂದು 3 ಬಗೆಯಾಗಿ ಎಣಿಸಿದರೆ, ವೇದಾಂತದಲ್ಲಿ ಚಿತ್ತವೂ ಸೇರಿ 4 ಆಗುತ್ತದೆ. ಅತ್ತಿತ್ತ ತುಯ್ಯುವುದು ಮನಸ್ಸು, ನಿಶ್ಚಯಿಸುವುದು ಬುದ್ಧಿ, ನೆನೆಯುವುದು ಚಿತ್ತ, ‘ನಾನು’ ಎನ್ನುವುದು ಅಹಂಕಾರ. ಇಲ್ಲೆಲ್ಲೂ ಕರುಣೆಯ ಸುಳಿವಿಲ್ಲ.

ಈ ನಾಲ್ಕೂ ಕನ್ನಡದಲ್ಲಿ ಬೇರೆ ದಾರಿ ಹಿಡಿದಿವೆ. ಅಹಂಕಾರ ಬರೀ ಸೊಕ್ಕಾಯಿತು. ಬಸವಣ್ಣ ‘ಎನ್ನ ಚಿತ್ತವು ಅತ್ತಿಯ ಹಣ್ಣು’ ಎಂದಾಗ ಚಿತ್ತ ಎಂದರೆ ಇಡೀ ಮನಸ್ಸು. ‘ದೇವರ ಚಿತ್ತ’ ಎಂದಾಗ ಇಚ್ಛೆ. ‘ಬುದ್ಧಿ ಹೇಳಿದರು’ ಎಂದರೆ ಹಿತವಚನ, ‘ಬುದ್ಧಿ ಕಲಿಸ್ತೀನಿ’ ಎಂದರೆ ಬೆದರಿಕೆ, ‘ತನ್ನ ಬುದ್ಧಿ ತೋರಿಸಿಬಿಟ್ಟ’ ಎಂದರೆ ಹುಟ್ಟುಗುಣ, ಅದೂ ಕೆಟ್ಟದ್ದೇ. ನನಗೆ ಎಲ್ಲಕ್ಕಿಂತ ಸೋಜಿಗವೆನಿಸುವುದು ‘ಮನಸ್ಸು ಮಾಡು’. ಶಾಸ್ತ್ರದಲ್ಲಿ ತುಯ್ದಾಡುವ ಮನಸ್ಸು ನಮ್ಮ ಆಡುಮಾತಿನಲ್ಲಿ ಗಟ್ಟಿ ನಿರ್ಧಾರವಾಗಿ, ಬುದ್ಧಿಯ ಕೆಲಸವನ್ನು ತಾನೇ ಮಾಡುತ್ತಿದೆ.

ಅಂತಃಕರಣದ ಬಗ್ಗೆ ನನ್ನ ಊಹೆ ಇದು. ಮರುಕವನ್ನು ಒಳಗಿನ ಅಂಗದ ಹೆಸರಿನಿಂದ ಹೇಳುವುದು ಕನ್ನಡಕ್ಕೆ ಮೊದಲಿಂದಲೂ ರೂಢಿ: ‘ಹೆತ್ತ ಕರುಳು’, ‘ಕರುಳು ಚುರ್ರೆಂದಿತು’. ‘ಒಳಗಿನದು’ ಎಂಬ ಅರ್ಥದ ಪದ ಬಂದಾಗ ಅದು ಕರುಳಿನ ಪಕ್ಕದಲ್ಲೇ ಜಾಗ ಹಿಡಿದಿರಬಹುದು. ‘ಕರುಣೆ’ಯ ದನಿಯೂ ಹತ್ತಿರದ್ದೇ, ‘ಅಂತಃಕರುಣೆ’ ಎಂದು ಬರೆಯುವವರನ್ನೂ ಕಂಡಿದ್ದೇನೆ. ಹಿಂದಿಯಲ್ಲಿ ಇದೇ ಪದ ಆತ್ಮಸಾಕ್ಷಿಯ ಕಡೆಗೆ ವಾಲಿದೆ, ಹಾಗಾಗಿ ಮರುಕ ಪದದೊಳಗೇ ಇತ್ತು ಎನ್ನಲಾಗದು.

ಬಲ್ಲವರಲ್ಲಿ ಕೇಳುವುದು ಎರಡು. ವಚನಗಳಲ್ಲೋ ದಾಸರ ಪದಗಳಲ್ಲೋ ‘ಅಂತಃಕರಣ’ ಮರುಕದ ಅರ್ಥದಲ್ಲಿ ಬಂದಿರುವ ಸಾಲು ನಿಮ್ಮ ಗಮನದಲ್ಲಿದೆಯೇ? ಇನ್ನು, ವೇದಾಂತದ ಅರ್ಥಕ್ಕೆ ಅಮ್ಮನಂಥವರು ತಪ್ಪು ತಿಳಿಯದ ಕನ್ನಡ ಪದ ಯಾವುದು? ಹಳಗನ್ನಡದಲ್ಲಿ ಮನಸ್ಸಿಗೆ ‘ಬಗೆ’ ಎನ್ನುತ್ತಿದ್ದರು, ಆದರೆ ಇವತ್ತು ಅದು ‘ವಿಧ’ ಎಂದೇ ಕೇಳಿಸುತ್ತದೆ. ‘ಒಳಮನ’ ಎಂದರೆ ನಾಲ್ಕರಲ್ಲಿ ಒಂದನ್ನೇ ಹೇಳಿದಂತಾಗುತ್ತದೆ.