‘ಫಾಸ್ಟ್’ ಅಂದ್ರೆ ಬೇಗ ಅಷ್ಟೇನಾ?

ಎಲ್ಲರಿಗೂ ನಮಸ್ಕಾರ.

ಅಕ್ಕನ ಮಗ ವಿಜಯಪುರದಿಂದ ಬಂದು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ನಮ್ಮ ಜೊತೆಗಿದ್ದಾನೆ. ಕೆಲಸ ಹುಡುಕುತ್ತ ಇಂಗ್ಲಿಷ್ ಕಲಿಯುತ್ತಿದ್ದಾನೆ. ಬಂದ ವಾರದಲ್ಲೇ ಕಲಿತ ಪದ ‘ಫಾಸ್ಟ್’. ಸ್ಟೇಷನ್ನಿನ ಇಂಡಿಕೇಟರ್ ಬೋರ್ಡಿನಲ್ಲಿ ‘ಎಫ್’ ಬಂದರೆ ಫಾಸ್ಟ್ ಲೋಕಲ್ ರೈಲು. ಕೋಪರ್, ಮುಂಬ್ರಾ, ಕಳವಾದಲ್ಲಿ ನಿಲ್ಲೋದಿಲ್ಲ. ಅಲ್ಲಿಗೆ ಅವನ ತಲೆಯಲ್ಲಿ ಕೂತಿತು: ಫಾಸ್ಟ್ ಅಂದ್ರೆ ಬೇಗ.

ಕಳೆದ ಭಾನುವಾರ ದಾದರಿನ ಹಿಂದ್‌ಮಾತಾ ಕಡೆ ಹೋಗಿ ಒಂದು ನೀಲಿ ಶರ್ಟ್ ಪೀಸ್ ತಗೊಂಡೆವು. ಅಂಚಿನಲ್ಲಿ ‘ಫಾಸ್ಟ್ ಕಲರ್’ ಅಂತ ಅಚ್ಚಾಗಿತ್ತು. ಹುಡುಗ ಬೆರಳಿಂದ ತಿಕ್ಕಿ ನೋಡಿದ. ಆಮೇಲೆ ಮೆಲ್ಲಗೆ ನನ್ನ ಕಿವಿಯಲ್ಲಿ, “ಮಾಮಾ, ಬಣ್ಣ ಲಗೂ ಹೋಗ್ತೈತಿ ಅಂತ ಇವರ ಬರದಾರಲ್ಲ!” ಅಂದ.

ನಗು ಬಂತು. ಆದರೆ ಅವನ ತಪ್ಪಿಲ್ಲ. ಈ ಪದದ ಹಳೆಯ ಅರ್ಥ ವೇಗ ಅಲ್ಲ, ಅಲುಗಾಡದ್ದು, ಬಿಗಿಯಾದದ್ದು. ಬಟ್ಟೆಯನ್ನು ಬಿಡದ ಬಣ್ಣ ‘ಫಾಸ್ಟ್ ಕಲರ್’. ಬಿಗಿಯೋದು ‘ಫಾಸನ್’, ಬರೆಯುವಾಗ ನಡುವೆ ಒಂದು ‘ಟಿ’ ಇದೆ, ಬಾಯಲ್ಲಿ ಇಲ್ಲ. ಗಡದ್ದಾಗಿ ಮಲಗಿದವನು ‘ಫಾಸ್ಟ್ ಅಸ್ಲೀಪ್’, ಬೇಗ ನಿದ್ದೆ ಬಂತು ಅಂತಲ್ಲ. ಬೆಳಿಗ್ಗೆ ಎಂಟೂವರೆಯ ಲೋಕಲ್‌ನಲ್ಲಿ ಮೂಗು ಕೆರೆದುಕೊಳ್ಳಲೂ ಕೈ ಎತ್ತಲಾಗದೆ ನಿಂತಿರ್ತೀವಲ್ಲ, ಅದು ‘ಸ್ಟಕ್ ಫಾಸ್ಟ್’. ಗಾಡಿ ಹೊಸ ಅರ್ಥದ ಫಾಸ್ಟ್, ಒಳಗಿನವರು ಹಳೆ ಅರ್ಥದ ಫಾಸ್ಟ್!

ಉಪವಾಸದ ಫಾಸ್ಟ್ ಕೂಡ ಇದೇ ಬೇರಿನದು. ನೇಮವನ್ನು ಬಿಗಿಯಾಗಿ ಹಿಡಿಯೋದು. ನಾವೂ ವ್ರತ ‘ಹಿಡಿಯುತ್ತೇವೆ’ ಅಲ್ವಾ? ರಾತ್ರಿಯ ಉಪವಾಸ ಮುರಿದರೆ ಬ್ರೇಕ್‌ಫಾಸ್ಟ್, ಉಚ್ಚಾರ ಮಾತ್ರ ‘ಬ್ರೆಕ್‌ಫಸ್ಟ್’.

ಬಿಗಿ ಇದ್ದದ್ದು ವೇಗ ಹೇಗಾಯ್ತು? ‘ಬಿಡದೆ, ಬಲ ಹಾಕಿ ಓಡು’ ಅನ್ನೋದು ಬರಬರುತ್ತ ‘ಬೇಗ ಓಡು’ ಆಯಿತಂತೆ. ಮೊದಲು ನನಗೆ ನಂಬಿಕೆ ಬರಲಿಲ್ಲ. ಆಮೇಲೆ ನಮ್ಮದೇ ‘ಜೋರು’ ನೆನಪಾಯ್ತು. ಪಾರ್ಸಿಯಲ್ಲಿ ಜೋರ್ ಅಂದರೆ ಬಲ. ಈಗಲೂ ‘ಜೋರಾಗಿ ಹೊಡಿ’ ಅಂದರೆ ಬಲ, ‘ಜೋರಾಗಿ ಓಡು’ ಅಂದರೆ ವೇಗ. ಎರಡೂ ಹಿಡಿದದ್ದು ಒಂದೇ ದಾರಿ.

ಇನ್ನು ಸಣ್ಣಪುಟ್ಟದ್ದು. ಗಡಿಯಾರ ‘ಫೈವ್ ಮಿನಿಟ್ಸ್ ಫಾಸ್ಟ್’ ಅಂದರೆ ಐದು ನಿಮಿಷ ಮುಂದಿದೆ. ‘ಫಾಸ್ಟ್ಲಿ’ ಅಂತ ಸುಮ್ನೆ ಬಾಲ ಅಂಟಿಸಬೇಡಿ, ‘ರನ್ ಫಾಸ್ಟ್’ ಅಷ್ಟೇ ಸಾಕು.

ಈಗ ನನ್ನ ಪ್ರಶ್ನೆ. ಫಾಸ್ಟ್ ಕಲರ್‌ಗೆ ನಿಮ್ಮ ಕಡೆ ಏನಂತಾರೆ? ನಮ್ಮವ್ವ ‘ಪಕ್ಕಾ ಬಣ್ಣ’ ಅಂತಿದ್ದಳು. ಅದಕ್ಕಿಂತ ಹಳೆಯ ಮಾತೇನಾದರೂ ಇದೆಯಾ? ಇಳಕಲ್, ಗುಳೇದಗುಡ್ಡದ ನೇಕಾರರ ಮನೆಮಾತು ಬಲ್ಲವರು ತಿಳಿಸಿ.

ಅಂದಹಾಗೆ, ಹುಡುಗ ಆ ಬಟ್ಟೆಯನ್ನ ರಾತ್ರಿ ಬಕೆಟ್‌ನಲ್ಲಿ ನೆನೆಹಾಕಿದ್ದ. ಬೆಳಿಗ್ಗೆ ನೀರೆಲ್ಲ ನೀಲಿ. “ನಾ ಹೇಳಿದ್ದ ಖರೆ ಐತಿ, ಮಾಮಾ” ಅಂತಿದ್ದಾನೆ.