ಅಪ್‌ಡೇಟ್: ರಾಸ್ಪ್‌ಬೆರಿ ಪೈ ಇಮೇಜ್ ಕೊನೆಗೂ ಎಮ್ಯುಲೇಟರ್‌ನಲ್ಲಿ ಬೂಟ್ ಆಯ್ತು

ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್. ಹಿಂದಿನದು ಓದದವರಿಗೆ: ಮಂಡ್ಯದ ಹತ್ತಿರ ನಮ್ಮ ಕಬ್ಬಿನ ಗದ್ದೆಯ ಪಂಪ್‌ಸೆಟ್‌ಗೆ ಒಂದು ಕಂಟ್ರೋಲರ್ ಮಾಡಲು ಹೊರಟಿದ್ದೇನೆ. ಬೋರ್ಡ್ ಕೊಳ್ಳುವ ಮೊದಲು ರಾಸ್ಪ್‌ಬೆರಿ ಪೈ 3 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿನ ಇಮೇಜನ್ನು (ಎಸ್‌ಡಿ ಕಾರ್ಡಿಗೆ ಹಾಕುವ, ಇಡೀ ಸಿಸ್ಟಂ ಇರುವ ಫೈಲು) ಲ್ಯಾಪ್‌ಟಾಪ್‌ನಲ್ಲೇ ಕ್ಯೂಎಮುನಲ್ಲಿ (QEMU, ಬೇರೆ ಯಂತ್ರವನ್ನು ಅನುಕರಿಸುವ ಎಮ್ಯುಲೇಟರ್) ಓಡಿಸೋಣ ಅಂದರೆ ಬರೀ ಕಪ್ಪು ಪರದೆ. ಅದನ್ನೇ ಕೇಳಿದ್ದೆ.

"ಪರದೆ ಬಿಡಿ, ಸೀರಿಯಲ್ ಕನ್ಸೋಲ್ ನೋಡಿ" ಅಂದ ಸಲಹೆಯಿಂದ ದಾರಿ ಸಿಕ್ಕಿತು (ಸೀರಿಯಲ್ ಕನ್ಸೋಲ್ ಅಂದರೆ ಬೋರ್ಡಿನ ಮೆಸೇಜ್‌ಗಳು ಬರೀ ಅಕ್ಷರಗಳಾಗಿ ಬರುವ ಕಡೆ). ಅಸಲಿ ಬೋರ್ಡ್‌ನಲ್ಲಿ ಕರ್ನಲ್ (ಸಿಸ್ಟಂನ ತಿರುಳು) ಲೋಡ್ ಮಾಡುವುದು ಜಿಪಿಯು ಫರ್ಮ್‌ವೇರ್, ಅಂದರೆ ಗ್ರಾಫಿಕ್ಸ್ ಚಿಪ್‌ನಲ್ಲಿ ಓಡುವ ಆರಂಭದ ಪ್ರೋಗ್ರಾಂ. ಕ್ಯೂಎಮುನಲ್ಲಿ ಅದು ನಡೆಯುವುದಿಲ್ಲ. ಹಾಗಾಗಿ ಇಮೇಜಿನ ಬೂಟ್ ಪಾರ್ಟಿಷನ್ ಎಂಬ ಭಾಗದಿಂದ ಕರ್ನಲ್ ಫೈಲು, ಬೋರ್ಡಿನ ಹಾರ್ಡ್‌ವೇರ್ ವಿವರ ಇರುವ ಡಿಟಿಬಿ ಫೈಲು ಎರಡನ್ನೂ ತೆಗೆದು ನಾವೇ ಕೊಡಬೇಕು. ಕನ್ಸೋಲ್ ಟಿಟಿವೈಎಎಂಎ0 (ttyAMA0, ಆ ಸೀರಿಯಲ್ ಪೋರ್ಟಿನ ಹೆಸರು) ಅಂತ ಕರ್ನಲ್‌ಗೆ ಹೇಳಿದ ಮೇಲೆ ಸಾಲು ಸಾಲು ಮೆಸೇಜ್ ಸುರಿದವು.

ಆಮೇಲೆ ರೂಟ್ ಫೈಲ್‌ಸಿಸ್ಟಂ (ಸಿಸ್ಟಂನ ಫೈಲುಗಳೆಲ್ಲ ಇರುವ ಜಾಗ) ಸಿಗದೆ ಕರ್ನಲ್ ಪ್ಯಾನಿಕ್, ಅಂದರೆ ಕರ್ನಲ್ ಅಲ್ಲೇ ನಿಂತುಹೋಯಿತು. ಇಮೇಜನ್ನು ಎಸ್‌ಡಿ ಕಾರ್ಡ್ ಎಂದು ಜೋಡಿಸಿದರೆ ಇನ್ನೊಂದು ತಕರಾರು: ಅದರ ಅಳತೆ 2ರ ಘಾತವಾಗಿರಬೇಕು, ಅಂದರೆ 4, 8, 16 ಜಿಬಿ ಹೀಗೆ. ಕ್ಯೂಎಮುನದೇ ರೀಸೈಜ್ ಕಮಾಂಡ್‌ನಿಂದ 8 ಜಿಬಿ ಮಾಡಿದೆ. ರೂಟ್ ಇರುವುದು ಎರಡನೇ ಪಾರ್ಟಿಷನ್‌ನಲ್ಲಿ ಅಂತ ತಿಳಿಸಿದೆ. ಲಾಗಿನ್ ಬಂತು!

ಗ್ರಾಫಿಕ್ಸ್ ಇಲ್ಲದೆ ಓಡಿಸುವಾಗ ಹೊರಬರಲು ಕಂಟ್ರೋಲ್-ಎ ಒತ್ತಿ, ಬಿಟ್ಟು, ಎಕ್ಸ್ ಒತ್ತಬೇಕು. ಇದನ್ನು ಯಾರಾದರೂ ಮೊದಲೇ ಹೇಳಬಾರದಿತ್ತಾ? ಸುಮ್ನೆ ಟರ್ಮಿನಲ್ ಮುಚ್ಚುತ್ತಾ ಕೂತಿದ್ದೆ.

ನನ್ನ ಪ್ರೋಗ್ರಾಂ ಈಗ ಓಡುತ್ತಿದೆ. ಆದರೆ ತೊಟ್ಟಿಯ ನೀರಿನ ಸೆನ್ಸರ್, ಪಂಪನ್ನು ಆನ್-ಆಫ್ ಮಾಡುವ ರಿಲೇ ಇವನ್ನು ಲ್ಯಾಪ್‌ಟಾಪ್‌ನಲ್ಲಿ ಪರೀಕ್ಷಿಸಲು ಆಗುವುದಿಲ್ಲ ಅಲ್ವಾ. ಮುಂದಿನ ಸಲ ಮೈಸೂರಿಗೆ ಹೋದಾಗ ಬೋರ್ಡ್ ತರುತ್ತೇನೆ.